ಆದವಾನಿಯ ಪ್ರೇಕ್ಷಕ: ಸಿನಿಮಾ ಜಗಳಗಳೂ ಗಡಿಯ ಕನ್ನಡವೂ
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆದವಾನಿಯಲ್ಲಿ ಕನ್ನಡದ ಉಪನ್ಯಾಸ ಎಂದರೆ ಮಂತ್ರಾಲಯದ ರಾಯರು, ದಾಸಸಾಹಿತ್ಯ, ಕೋಟೆ, ಶಾಸನ ಎಂದು ನಿರೀಕ್ಷಿಸುವುದು ಸಹಜ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದೀರಿ. ನಾನು ಇವತ್ತು ಆರಿಸಿಕೊಂಡಿರುವುದು ಸಿನಿಮಾ ಅಭಿಮಾನಿಗಳ ವಾಗ್ವಾದವನ್ನು. ಯಾವ ನಟ ದೊಡ್ಡವನು, ಯಾವ ನಿರ್ದೇಶಕನಿಗೆ ಕಥೆ ಹೇಳಲು ಬರುತ್ತದೆ, ಮುಂದಿನ ತಿಂಗಳು ಬರುವ ಚಿತ್ರ ಗೆಲ್ಲುತ್ತದೋ ಮಲಗುತ್ತದೋ ಎಂದು ನಮ್ಮ ಹುಡುಗರು ರಾತ್ರಿ ಹನ್ನೆರಡರವರೆಗೆ ಫೋನಿನಲ್ಲಿ ಹೊಡೆದಾಡುತ್ತಾರಲ್ಲ, ಆ ವಾಗ್ವಾದ. ಹಿರಿಯರು ಇದನ್ನು ಕಾಲಹರಣ ಎನ್ನುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಈ ಭಾಗದ ಬಹಳಷ್ಟು ತರುಣರು ದಿನವೂ ಕನ್ನಡದ ಬಗ್ಗೆ ಯೋಚಿಸುವುದು, ಕನ್ನಡದ ಪರವಾಗಿಯೋ ವಿರೋಧವಾಗಿಯೋ ಬಾಯಿ ತೆರೆಯುವುದು ಇದೊಂದೇ ಸಂದರ್ಭದಲ್ಲಿ. ಅದನ್ನು ಕಡೆಗಣಿಸಿ ಗಡಿನಾಡ ಕನ್ನಡದ ಚರ್ಚೆ ಮಾಡುವುದು ಸಾಧ್ಯವಿಲ್ಲ.

ಇಲ್ಲಿನ ಇತಿಹಾಸ ನಿಮಗೆ ಗೊತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು ತಾಲ್ಲೂಕುಗಳು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ, ಉಳಿದದ್ದು ಮೈಸೂರಿಗೆ. ಗಡಿ ಬಂತು; ಆದರೆ ಹತ್ತಿ ಮಾರ್ಕೆಟ್ಟಿಗೆ ಬರುವ ಗಾಡಿಗಳು, ಬೀಗತನ, ಶ್ರಾವಣದಲ್ಲಿ ಉರುಕುಂದ ಈರಣ್ಣನಿಗೆ ಹೋಗುವ ಜನ ಯಾರೂ ಗಡಿಯನ್ನು ಕೇಳಲಿಲ್ಲ. ಸಿನಿಮಾ ಮಾತ್ರ ಕೇಳಿತು. ಸಿನಿಮಾ ಹಂಚಿಕೆದಾರರ ಲೆಕ್ಕದಲ್ಲಿ ಆದವಾನಿ ಎಂದರೆ ‘ಸೀಡೆಡ್’, ಅಂದರೆ ರಾಯಲಸೀಮೆ. ಬಳ್ಳಾರಿಯಲ್ಲಿ ಕನ್ನಡದಲ್ಲಿ ಓಡುವ ಚಿತ್ರ ಇಲ್ಲಿಗೆ ತೆಲುಗಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಆದರೆ ಕಲಾವಿದರ ಪರ ಕಟ್ಟಿಕೊಂಡು ವಾದಿಸುವ ರೂಢಿ ಸಿನಿಮಾಕ್ಕಿಂತ ಹಳೆಯದು, ಅದೂ ನಮ್ಮ ಹಳೆಯ ಜಿಲ್ಲಾ ಕೇಂದ್ರದ್ದೇ. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ ಇತ್ತು. ಅದಕ್ಕೆ ಎದುರಾಗಿ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆ ಇತ್ತು. ಎರಡೂ ತೆಲುಗು ನಾಟಕದ ಸಭೆಗಳು; ಎರಡರ ನಡುವೆ ಜೋರು ಪೈಪೋಟಿ. ಅದೇ ಊರಿನಿಂದ ಬಂದ ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬಣ್ಣ ಹಚ್ಚಿದವರು. ಅವರನ್ನು ‘ನಮ್ಮವರು’ ಎನ್ನಲು ತೆಲುಗರಿಗೂ ಹಕ್ಕಿದೆ, ಕನ್ನಡಿಗರಿಗೂ ಹಕ್ಕಿದೆ. ರಾಘವರ ಅಭಿನಯವನ್ನು ಮೆಚ್ಚಿಕೊಂಡು ಮಾತಾಡಿದವರು ಈ ನೆಲದಲ್ಲಿ ಎರಡು ನುಡಿಗಳಲ್ಲೂ ಮಾತಾಡಿದ್ದಾರೆ. ನಮ್ಮ ಅಭಿಮಾನಿ ವಾಗ್ವಾದದ ಬೇರು ಅಲ್ಲಿದೆ.

ಸಿನಿಮಾಕ್ಕೆ ಬಂದರೆ, 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಅದೇ ವರ್ಷ ಅದೇ ಕಥೆ ತೆಲುಗಿನಲ್ಲಿ ‘ಶ್ರೀ ಕಾಳಹಸ್ತೀಶ್ವರ ಮಹಾತ್ಮ್ಯಂ’ ಆಗಿ ಬಂತು. ಅದರಲ್ಲೂ ಕಣ್ಣಪ್ಪ ರಾಜ್‌ಕುಮಾರರೇ. ಅವರು ನಟಿಸಿದ ತೆಲುಗು ಚಿತ್ರ ಅದೊಂದೇ. ಕಣ್ಣಪ್ಪನ ಕ್ಷೇತ್ರ ಕಾಳಹಸ್ತಿ ಆಂಧ್ರದ್ದು, ನಟ ಗಾಜನೂರಿನವರು. ಮುಂದೆ ಬಾಪು ಅವರ ‘ಭಕ್ತ ಕಣ್ಣಪ್ಪ’ (1976) ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ (1988) ಬಂತು. ಕಣ್ಣಪ್ಪ ಯಾರ ಕಥೆ ಎಂದು ಫೋನಿನಲ್ಲಿ ಹೊಡೆದಾಡುವ ಹುಡುಗರಿಗೆ ಈ ಸಾಲು ಗೊತ್ತಿದ್ದರೆ ಜಗಳದ ಸ್ವರೂಪವೇ ಬೇರೆಯಾಗುತ್ತದೆ. ಯಾರ ಕಥೆ ಎನ್ನುವ ಪ್ರಶ್ನೆ ಬಿಟ್ಟು, ಯಾರು ಹೇಗೆ ಹೇಳಿದರು ಎಂಬ ಪ್ರಶ್ನೆ ಬರುತ್ತದೆ. ಕೃಷ್ಣದೇವರಾಯನ ವಿಷಯವೂ ಹಾಗೆಯೇ. 1962ರ ‘ಮಹಾಮಂತ್ರಿ ತಿಮ್ಮರುಸು’ವಿನಲ್ಲಿ ಎನ್.ಟಿ. ರಾಮರಾವ್ ರಾಯರಾದರು, 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ರಾಜ್‌ಕುಮಾರ್ ರಾಯರಾದರು, ಬಿ.ಆರ್. ಪಂತುಲು ನಿರ್ದೇಶನದ ಜೊತೆಗೆ ತಿಮ್ಮರುಸುವಾಗಿಯೂ ನಿಂತರು. ವಿಜಯನಗರದ ಆಳ್ವಿಕೆ ಕಂಡ ಕೋಟೆಯ ಕೆಳಗೆ ಬದುಕುವ ನಿಮಗಿಂತ ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಯೋಗ್ಯರು ಯಾರಿದ್ದಾರೆ?

ಮಂತ್ರಾಲಯವನ್ನಂತೂ ಬಿಡುವ ಹಾಗಿಲ್ಲ. 1966ರಲ್ಲಿ ಟಿ.ವಿ. ಸಿಂಗ್ ಠಾಕೂರ್ ‘ಮಂತ್ರಾಲಯ ಮಹಾತ್ಮೆ’ ಮಾಡಿದರು, ರಾಜ್‌ಕುಮಾರ್ ರಾಘವೇಂದ್ರ ಸ್ವಾಮಿಗಳಾದರು. ಆ ಹೊತ್ತಿಗೆ ಮಂತ್ರಾಲಯ ಆಂಧ್ರಕ್ಕೆ ಸೇರಿ ಹದಿಮೂರು ವರ್ಷವಾಗಿತ್ತು. 1985ರಲ್ಲಿ ಬೆಂಗಳೂರಿನಲ್ಲಿ ಬೆಳೆದ ರಜನಿಕಾಂತ್ ತಮ್ಮ ನೂರನೇ ಚಿತ್ರಕ್ಕೆ ಅದೇ ಸ್ವಾಮಿಗಳ ಕಥೆಯನ್ನು ತಮಿಳಿನಲ್ಲಿ ಆರಿಸಿಕೊಂಡರು. ಕರ್ನೂಲು ಜಿಲ್ಲೆಯ ನದೀತೀರದ ಒಂದು ಊರು ಎರಡು ದೊಡ್ಡ ನಟರ ಬದುಕಿನಲ್ಲಿ ಹೀಗೆ ನಿಂತಿದೆ.

ಇನ್ನೊಂದು ಹೆಸರನ್ನು ಈ ಊರಿನಲ್ಲಿ ಹೇಳಲೇಬೇಕು. ಹಳೆಯ ಕನ್ನಡ ಚಿತ್ರಗಳ ಶೀರ್ಷಿಕೆಗಳನ್ನು ನಿಧಾನವಾಗಿ ಓದಿ. ನಾಯಕ, ನಾಯಕಿ, ಬಾಲಕೃಷ್ಣ, ನರಸಿಂಹರಾಜು ಎಂದು ಸಾಲು ಇಳಿಯುತ್ತ ಬಂದಂತೆ ‘ಆದವಾನಿ ಲಕ್ಷ್ಮೀದೇವಿ’ ಎಂದು ಬರುತ್ತದೆ. ತಾಯಿಯ ಪಾತ್ರಗಳಿಗೆ ಹೆಸರಾದ ಕಲಾವಿದೆ. 1973ರ ‘ಗಂಧದ ಗುಡಿ’ಯಲ್ಲೂ ಇದ್ದಾರೆ. ಆ ಚಿತ್ರದ ಬಗ್ಗೆ ರಾಜ್‌ಕುಮಾರ್ ಅಭಿಮಾನಿಗಳೂ ವಿಷ್ಣುವರ್ಧನ್ ಅಭಿಮಾನಿಗಳೂ ಐವತ್ತು ವರ್ಷದಿಂದ ವಾದಿಸುತ್ತಲೇ ಇದ್ದಾರೆ. ಆ ಜಗಳದಲ್ಲಿ ಈ ತಾಯಿಯ ಹೆಸರು ಒಮ್ಮೆಯಾದರೂ ಬಂದದ್ದನ್ನು ನಾನು ಕೇಳಿಲ್ಲ. ನಿಮ್ಮ ಊರಿನ ಹೆಸರನ್ನು ಕನ್ನಡದ ಪರದೆಯ ಮೇಲೆ ಹೊತ್ತು ನಿಂತವರು ಅವರು. ಅವರ ಚಿತ್ರಗಳ ಪಟ್ಟಿಯನ್ನು ಆದವಾನಿಯ ಕನ್ನಡ ಶಾಲೆಯ ಗೋಡೆಯ ಮೇಲೆ ನಾನು ನೋಡಬೇಕು.

ಈಗ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಉದಾಹರಣೆಗೆ ಬರುತ್ತೇನೆ. 2004ರ ಜನವರಿ. ತೆಲುಗಿನಲ್ಲಿ ಜೂನಿಯರ್ ಎನ್‌ಟಿಆರ್ ಅವರ ‘ಆಂಧ್ರಾವಾಲಾ’ ತೆರೆ ಕಂಡಿತು. ಕನ್ನಡದಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ವೀರ ಕನ್ನಡಿಗ’ ತೆರೆ ಕಂಡಿತು. ಎರಡಕ್ಕೂ ಕಥೆ ಪುರಿ ಜಗನ್ನಾಥ್ ಅವರದೇ. ತೆಲುಗಿನದ್ದನ್ನು ಅವರೇ ನಿರ್ದೇಶಿಸಿದರು, ಕನ್ನಡದ್ದನ್ನು ಮೆಹರ್ ರಮೇಶ್ ನಿರ್ದೇಶಿಸಿದರು. ಹೊಟ್ಟೆಪಾಡಿಗೆ ಮುಂಬೈಗೆ ಹೋದ ಕೂಲಿಗಳು, ಅವರ ಪರ ನಿಂತ ತಂದೆ, ತಂದೆಯಂತೆಯೇ ಬೆಳೆದ ಮಗ. ಅಲ್ಲಿ ಕೂಲಿಗಳು ತೆಲುಗರು, ಇಲ್ಲಿ ಕನ್ನಡಿಗರು. ಕಥೆ ಒಂದೇ; ಒಂದು ಕಡೆ ಅದು ಆಂಧ್ರದ ಅಭಿಮಾನ, ಇನ್ನೊಂದು ಕಡೆ ಕನ್ನಡದ ಅಭಿಮಾನ.

ಬೆಂಗಳೂರಿನ ಅಭಿಮಾನಿ ಒಂದನ್ನು ನೋಡಿದ, ವಿಜಯವಾಡದ ಅಭಿಮಾನಿ ಇನ್ನೊಂದನ್ನು ನೋಡಿದ. ಇಬ್ಬರಿಗೂ ಎದೆ ಉಬ್ಬಿತು. ಎರಡನ್ನೂ ನೋಡುವ ಅವಕಾಶ, ಎರಡೂ ಒಂದೇ ಅಚ್ಚಿನವು ಎಂದು ಕಣ್ಣಾರೆ ಕಾಣುವ ಅವಕಾಶ ಇದ್ದದ್ದು ನಿಮ್ಮಂಥವರಿಗೆ: ಇಲ್ಲಿ ‘ಆಂಧ್ರಾವಾಲಾ’ ನೋಡಿ, ಬಳ್ಳಾರಿಯ ಬಸ್ ಹತ್ತಿ ‘ವೀರ ಕನ್ನಡಿಗ’ ನೋಡಬಲ್ಲವರಿಗೆ. ಅದಕ್ಕಿಂತ ಮುಖ್ಯವಾದ ಮಾತು ಇದು. ಕೋಸಿಗಿ, ಕೌತಾಳ, ಪೆದ್ದಕಡಬೂರು ಕಡೆಯ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋಗುತ್ತವೆ. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಗುಳೆ ಹೋಗುವ ಆ ಕೂಲಿ ಕನ್ನಡಿಗನೋ ಆಂಧ್ರದವನೋ? ಎರಡೂ ಚಿತ್ರಗಳು ಯಾರ ಹೆಸರಿನಲ್ಲಿ ಕೂಗಿದವೋ ಆತ ಇಲ್ಲೇ ಇದ್ದಾನೆ, ಎರಡೂ ಭಾಷೆ ಮಾತಾಡುತ್ತಾನೆ. ಅವನ ಕಷ್ಟಕ್ಕೆ ಆ ಎರಡು ಚಿತ್ರಗಳು ಎಷ್ಟು ನ್ಯಾಯ ಮಾಡಿದವು ಎಂದು ಯಾರಾದರೂ ವಾದಿಸಬೇಕಿತ್ತು. ಅದು ಆಗಲಿಲ್ಲ. ‘ಆಂಧ್ರಾವಾಲಾ’ದ ಹಾಡುಗಳ ಬಿಡುಗಡೆಗೆ ನಿಮ್ಮಕೂರು ಎಂಬ ಹಳ್ಳಿಯಲ್ಲಿ ಜನಸಾಗರವೇ ನೆರೆದಿತ್ತು, ವಿಶೇಷ ರೈಲುಗಳು ಓಡಿದ್ದವು. ಚಿತ್ರ ಮಾತ್ರ ಸೋತಿತು. ಸೇರಿದ ಜನರ ಲೆಕ್ಕದಿಂದ ಚಿತ್ರದ ಯೋಗ್ಯತೆ ಅಳೆಯುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅದೇ ವರ್ಷ ಆಗಸ್ಟ್‌ನಲ್ಲಿ ಬಂದದ್ದು ಪಿ. ವಾಸು ಅವರ ‘ಆಪ್ತಮಿತ್ರ’. ಮೂಲ ಮಲಯಾಳಂ ಚಿತ್ರ, ಫಾಜಿಲ್ ಅವರ ‘ಮಣಿಚಿತ್ರತ್ತಾಳ್’ (1993). ಅಲ್ಲಿ ನಾಯಕಿಯನ್ನು ಆವರಿಸುವ ನರ್ತಕಿ ನಾಗವಲ್ಲಿ ತಮಿಳಿನವಳು. ಕನ್ನಡಕ್ಕೆ ಬಂದಾಗ ತೆಲುಗಿನ ನರ್ತಕಿಯಾದಳು. ಕನ್ನಡ ಚಿತ್ರದ ಅತಿ ಪ್ರಸಿದ್ಧವಾದ ಆ ನೃತ್ಯದ ಹಾಡು ತೆಲುಗಿನದು. ಪಾತ್ರ ಮಾಡಿದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು, ಹೆಸರು ಮಾಡಿದ್ದು ತೆಲುಗಿನಲ್ಲಿ; ಚಿತ್ರ ಬಿಡುಗಡೆಯಾಗುವ ಮೊದಲೇ, ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ತೀರಿಕೊಂಡರು. ದಕ್ಷಿಣ ಕರ್ನಾಟಕದ ಪ್ರೇಕ್ಷಕನಿಗೆ ಆ ತೆಲುಗು ಅಪರಿಚಿತ ಲೋಕವೊಂದರ ದನಿ. ಭಯ ಹುಟ್ಟುವುದೇ ಆ ಅಪರಿಚಿತತೆಯಿಂದ. ಈ ಭಾಗದ ಕನ್ನಡಿಗನಿಗೆ ಅದು ಪಕ್ಕದ ಮನೆಯ ಮಾತು. ಅವನು ಹೆದರಲಾರ, ಅವಳ ಅಳಲನ್ನು ನೇರವಾಗಿ ಕೇಳಿಸಿಕೊಳ್ಳುತ್ತಾನೆ. ಒಂದೇ ದೃಶ್ಯವನ್ನು ನೂರೈವತ್ತು ಮೈಲಿ ಆಚೆಗಿನವರು ಒಂದು ಬಗೆಯಲ್ಲಿ, ನೀವು ಇನ್ನೊಂದು ಬಗೆಯಲ್ಲಿ ನೋಡುತ್ತೀರಿ. ಈ ವ್ಯತ್ಯಾಸವನ್ನು ಬರೆದಿಟ್ಟರೆ ಅದು ಉತ್ತಮ ವಿಮರ್ಶೆ.

ಡಬ್ಬಿಂಗ್ ವಿರುದ್ಧ ಕರ್ನಾಟಕದಲ್ಲಿ ಅರವತ್ತರ ದಶಕದಿಂದ ಚಳವಳಿ ನಡೆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದಿತು. ಆ ಚರ್ಚೆಯುದ್ದಕ್ಕೂ ಬೆಂಗಳೂರಿನವರು ಕೇಳಿದ್ದು ತೆಲುಗು ಚಿತ್ರ ಕನ್ನಡವಾಗಿ ಬರಬಹುದೇ ಎಂದು. ಕನ್ನಡ ಚಿತ್ರವನ್ನು ತೆಲುಗಿನಲ್ಲಿ ನೋಡಬೇಕಾಗಿ ಬಂದ ಕನ್ನಡಿಗನ ಮಾತನ್ನು ಯಾರೂ ಕೇಳಲಿಲ್ಲ. ಉಪೇಂದ್ರರ ‘ಎ’ (1998), ‘ಉಪೇಂದ್ರ’ (1999) ಈ ಕಡೆಗೆ ತೆಲುಗು ದನಿಯಲ್ಲಿ ಬಂದು ಗೆದ್ದವು. ‘ಕೆಜಿಎಫ್’ನ ಎರಡು ಭಾಗಗಳೂ (2018, 2022) ಹಾಗೆಯೇ. ಉಯ್ಯಾಲವಾಡ ನರಸಿಂಹ ರೆಡ್ಡಿ ಹಳೆಯ ಕರ್ನೂಲು ಜಿಲ್ಲೆಯ ವೀರ, 1847ರಲ್ಲಿ ಬ್ರಿಟಿಷರು ಕೋಯಿಲಕುಂಟ್ಲದಲ್ಲಿ ಗಲ್ಲಿಗೇರಿಸಿದ ಪಾಳೇಗಾರ. ಆತನ ಚಿತ್ರ ‘ಸೈರಾ’ 2019ರಲ್ಲಿ ಕನ್ನಡಕ್ಕೂ ಡಬ್ ಆಗಿ ಕರ್ನಾಟಕದಲ್ಲಿ ಓಡಿತು, ಸುದೀಪ್ ಅದರಲ್ಲಿ ಅವುಕು ರಾಜನಾದರು. ನಿಮ್ಮ ಜಿಲ್ಲೆಯ ಕಥೆ ಕನ್ನಡದಲ್ಲಿ ಅಲ್ಲಿಗೆ ಹೋಯಿತು, ಕನ್ನಡದ ಕಥೆಗಳು ತೆಲುಗಿನಲ್ಲಿ ನಿಮ್ಮಲ್ಲಿಗೆ ಬಂದವು.

ಹೀಗೆ ಡಬ್ ಆಗುವಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ? ಇದನ್ನು ನನಗೆ ತಿಳಿಸಿಕೊಟ್ಟವನು ಇಲ್ಲಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವ ತರುಣ. ‘ಕಾಂತಾರ’ ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ ಬಂತು, ತೆಲುಗಿನಲ್ಲಿ ಅಕ್ಟೋಬರ್ 15ಕ್ಕೆ. ಆತ ಎರಡನ್ನೂ ನೋಡಿದ್ದ. ಕೈಗೆ, ಹುಬ್ಬಿಗೆ ಹತ್ತಿಯ ನವಿರು ಅಂಟಿಕೊಂಡಿದ್ದಂತೆಯೇ ಚಹಾದ ಅಂಗಡಿಯ ಮುಂದೆ ನಿಂತು ಹೇಳಿದ: “ಗುಳಿಗನ ಕೂಗು ಎರಡ್ರಾಗೂ ಒಂದೇ ಐತೆ ಸಾರ್. ಆದ್ರೆ ಅವ್ರವ್ವ ಬೈಯ್ಯೋದು ತೆಲುಗಿನಾಗ ಮೆತ್ತಗಾಗೈತೆ. ಮಗನ್ನ ಹಂಗೆ ಬೈದ್ರೇನೆ ಪ್ರೀತಿ ಕಾಣೋದು.” ಕರಾವಳಿಯ ಕನ್ನಡ ಅವನಿಗೆ ಪೂರ್ತಿ ಅರ್ಥವಾಗಿರಲಿಲ್ಲ, ಆದರೂ ಎಲ್ಲಿ ಬಿಗಿ ಸಡಿಲವಾಯಿತು ಎಂದು ಕಿವಿಗೆ ಗೊತ್ತಾಗಿತ್ತು. ಪತ್ರಿಕೆಗಳಲ್ಲಿ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಆ ಮಾತು ಹೆಚ್ಚು ಹೇಳುತ್ತದೆ. ಇದನ್ನು ಬರೆದಿದ್ದೀಯಾ ಎಂದು ಕೇಳಿದೆ. ಫೋನ್ ತೆಗೆದು ತೋರಿಸಿದ. ಅಲ್ಲಿ ಅವನು ಬರೆದದ್ದು ಕಲೆಕ್ಷನ್ ಅಂಕಿ, ಬೆಂಕಿಯ ಚಿತ್ರ, ಎದುರಾಳಿಗೊಂದು ಬೈಗುಳ. ಅಷ್ಟೇ.

ನನ್ನ ದುಃಖ ಇರುವುದು ಇಲ್ಲಿ. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವನು ಫೋನಿಗೆ ಬಂದ ಕೂಡಲೇ ಯಾಕೆ ಬರೀ ಕೋಟಿಗಳ ಗುಮಾಸ್ತನಾಗುತ್ತಾನೆ? ಮೊದಲು ‘ವಿಜಯಚಿತ್ರ’, ‘ರೂಪತಾರಾ’ದಂಥ ಪತ್ರಿಕೆಗಳಿಗೆ ಓದುಗರು ಪತ್ರ ಬರೆಯುತ್ತಿದ್ದರು. ಪತ್ರ ಅಚ್ಚಾಗಬೇಕಾದರೆ ಹೇಳಲು ಏನಾದರೂ ಇರಬೇಕಿತ್ತು, ವಾಕ್ಯ ನೆಟ್ಟಗಿರಬೇಕಿತ್ತು. ಈಗ ಎದುರಿನವನ ಉತ್ತರ ಅರ್ಧ ನಿಮಿಷದಲ್ಲಿ ಬರುತ್ತದೆ, ಅದಕ್ಕಿಂತ ಬೇಗ ನಾವು ತಿರುಗಿ ಹೊಡೆಯಬೇಕು. ಹೊಡೆಯಲು ಸುಲಭವಾದದ್ದು ಅಂಕಿ ಮತ್ತು ಬೈಗುಳ. ನಾಲ್ಕು ಸಾಲಿನ ವಿಚಾರಕ್ಕೆ ಅಲ್ಲಿ ಯಾರೂ ಕಾಯುವುದಿಲ್ಲ.

ಈ ಹೊಡೆದಾಟಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2025ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ‘ಕಾಂತಾರ ಅಧ್ಯಾಯ 1’ರ ಸಮಾರಂಭ. ಮುಖ್ಯ ಅತಿಥಿ ಜೂನಿಯರ್ ಎನ್‌ಟಿಆರ್. ಚಿತ್ರದ ನಿರ್ದೇಶಕ ರಿಷಬ್ ಶೆಟ್ಟಿ ಮನಸ್ಸಿನಿಂದ ಮಾತಾಡಬೇಕೆಂದು ಕನ್ನಡದಲ್ಲಿ ಮಾತಾಡಿದರು. ತೆಲುಗು ನೆಲದಲ್ಲಿ ತೆಲುಗು ಯಾಕಿಲ್ಲ ಎಂದು ಕೆಲವರು ಸಿಟ್ಟಾದರು, ಬಹಿಷ್ಕಾರದ ಕರೆ ಎದ್ದಿತು. ಕರ್ನಾಟಕದಿಂದ ಅದಕ್ಕೆ ಅಷ್ಟೇ ಖಾರವಾದ ಉತ್ತರ ಹೋಯಿತು. ಚಿತ್ರ ಅಕ್ಟೋಬರ್ 2ಕ್ಕೆ ಬಂತು, ತೆಲುಗು ಪ್ರೇಕ್ಷಕರು ಥಿಯೇಟರ್ ತುಂಬಿಸಿದರು. ಆ ವಾರದ ಕಿರುಚಾಟದಲ್ಲಿ ಎರಡೂ ಪಕ್ಷಗಳಿಗೆ ನೆನಪಾಗದೆ ಹೋದ ಒಂದು ಸಂಗತಿ ಇದೆ. 2022ರ ನವೆಂಬರ್ 1ರಂದು ವಿಧಾನಸೌಧದ ಮುಂದೆ ಪುನೀತ್ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಕೊಟ್ಟಾಗ ಇದೇ ಎನ್‌ಟಿಆರ್ ಕನ್ನಡದಲ್ಲಿ ಮಾತಾಡಿದ್ದರು. ಅವರ ತಾಯಿ ಕುಂದಾಪುರದ ಕಡೆಯವರು. ಪುನೀತರ ‘ಚಕ್ರವ್ಯೂಹ’ಕ್ಕೆ 2016ರಲ್ಲಿ ಹಾಡಿದ್ದರು ಕೂಡ. ಅದಕ್ಕೆ ಹನ್ನೆರಡು ವರ್ಷದ ಹಿಂದೆ ‘ವೀರ ಕನ್ನಡಿಗ’ ಮತ್ತು ‘ಆಂಧ್ರಾವಾಲಾ’ ಆಗಿದ್ದ ಇಬ್ಬರು ಗೆಳೆಯರಾಗಿ ಒಂದೇ ಚಿತ್ರಕ್ಕೆ ದುಡಿದರು.

ಬರಲಿರುವ ಚಿತ್ರಗಳೆಂದು ಹುಡುಗರು ಹಿಡಿದು ಜಗ್ಗಾಡಿದ ಹೆಸರುಗಳನ್ನೇ ನೋಡಿ. ಎನ್‌ಟಿಆರ್ ಅವರ ಚಿತ್ರಕ್ಕೆ ನಿರ್ದೇಶಕ ಪ್ರಶಾಂತ್ ನೀಲ್. ಕನ್ನಡದಲ್ಲಿ ಬೆಳೆದವರು, ಮನೆತನದ ಬೇರು ಮಡಕಶಿರಾ ಸೀಮೆಯ ನೀಲಕಂಠಾಪುರದಲ್ಲಿ. ‘ಜೈ ಹನುಮಾನ್’ಗೆ ಪ್ರಶಾಂತ್ ವರ್ಮ ಆರಿಸಿಕೊಂಡ ಹನುಮಂತ ರಿಷಬ್ ಶೆಟ್ಟಿ. ರಾಮ್ ಚರಣ್ ಅವರ ‘ಪೆದ್ದಿ’ಯಲ್ಲಿ ಶಿವರಾಜ್‌ಕುಮಾರ್. ತೆಲುಗಿನ ಹೆಮ್ಮೆ ಎನ್ನುವ ರಾಜಮೌಳಿ ಹುಟ್ಟಿದ್ದು ತುಂಗಭದ್ರೆಯ ಆಚೆ, ರಾಯಚೂರು ಜಿಲ್ಲೆಯಲ್ಲಿ; ಸುದೀಪರನ್ನು ‘ಈಗ’ದಲ್ಲಿ (2012) ಖಳನಾಗಿಸಿ ಇಡೀ ಆಂಧ್ರಕ್ಕೆ ಪರಿಚಯಿಸಿದ್ದೂ ಅವರೇ. ಚಿತ್ರ ಮಾಡುವವರು ಗಡಿ ದಾಟಿ ಕೈ ಕುಲುಕಿದ ಮೇಲೆ ನಾವು ಮಾತ್ರ ಗಡಿಯಲ್ಲಿ ನಿಂತು ಕಲ್ಲು ಎಸೆಯುವುದು ಸರಿಯಲ್ಲ.

ಅಭಿಮಾನದ ಇನ್ನೊಂದು ಮುಖವನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 2020ರ ಸೆಪ್ಟೆಂಬರ್ 1ರ ರಾತ್ರಿ ಚಿತ್ತೂರು ಜಿಲ್ಲೆಯ ಕುಪ್ಪಂ ಬಳಿಯ ಶಾಂತಿಪುರದಲ್ಲಿ ಪವನ್ ಕಲ್ಯಾಣ್ ಹುಟ್ಟುಹಬ್ಬದ ಬ್ಯಾನರ್ ಕಟ್ಟುತ್ತಿದ್ದ ಮೂವರು ವಿದ್ಯುತ್ ತಂತಿ ತಗುಲಿ ಸತ್ತರು. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಅದೇ ರೀತಿ ಸತ್ತರು. ಆ ಆರು ಮನೆಗಳ ತಾಯಂದಿರಿಗೆ ತೆಲುಗು ದೊಡ್ಡದೋ ಕನ್ನಡ ದೊಡ್ಡದೋ ಎಂಬ ಪ್ರಶ್ನೆ ಇಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ ತಮಗೆ ನಟನೊಬ್ಬನ ಅಭಿಮಾನಿಗಳಿಂದ ಬಂದ ಅಶ್ಲೀಲ ಸಂದೇಶಗಳ ವಿರುದ್ಧ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಬಂಧನಗಳೂ ಆದವು. ಒಬ್ಬ ನಟನನ್ನು ಮೆಚ್ಚಲು ಒಬ್ಬ ಹೆಣ್ಣುಮಗಳನ್ನು ಹೀನವಾಗಿ ಬೈಯಬೇಕೆಂದು ಯಾರು ಕಲಿಸಿದರು? ಅಭಿಮಾನಕ್ಕೆ ಬೇರೆ ದಾರಿಗಳೂ ಇದ್ದವು, ಇವೆ. 1998ರಲ್ಲಿ ಚಿರಂಜೀವಿ ರಕ್ತನಿಧಿ ಆರಂಭಿಸಿದಾಗ ಅದನ್ನು ತುಂಬಿದವರು ಅಭಿಮಾನಿಗಳು. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ಕಣ್ಣು ಕೊಟ್ಟು ಹೋದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಿದವರೂ ಅಭಿಮಾನಿಗಳೇ.

ನಾನು ಜಗಳ ನಿಲ್ಲಿಸಿ ಎಂದು ಹೇಳಲು ಬಂದಿಲ್ಲ. ಜೋರಾಗಿಯೇ ಜಗಳವಾಡಿ. ಕನ್ನಡದ ‘ಅಪ್ಪು’ ಮೇಲೋ ತೆಲುಗಿನ ‘ಇಡಿಯಟ್’ ಮೇಲೋ? ಎರಡೂ 2002ರವು, ಎರಡಕ್ಕೂ ಪುರಿ ಜಗನ್ನಾಥರೇ ನಿರ್ದೇಶಕರು. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ‘ಒಕ್ಕಡು’ (2003) ಕರ್ನೂಲಿನ ಕೊಂಡಾರೆಡ್ಡಿ ಬುರುಜನ್ನು ಕಥೆಯ ನಡುವೆ ತಂದ ಬಗೆ ಸರಿಯೋ, ರಾಯಲಸೀಮೆ ಎಂದರೆ ಮಚ್ಚು, ಬಾಂಬು, ಸುಮೋ ಎಂದು ‘ಸಮರಸಿಂಹಾರೆಡ್ಡಿ’ಯಿಂದ (1999) ಈಚೆಗೆ ತೋರಿಸುತ್ತ ಬಂದದ್ದು ನಿಮಗೆ ಮಾಡಿದ ಅನ್ಯಾಯವೋ? ಈ ಪ್ರಶ್ನೆಯನ್ನು ಹೈದರಾಬಾದಿನವನು ಎತ್ತಲಾರ. ನೀವು ಎತ್ತಬೇಕು.

ಒಂದೆರಡು ಕೆಲಸಗಳನ್ನು ಬೇಡಿಕೊಂಡು ಮಾತು ಮುಗಿಸುತ್ತೇನೆ. ಇಲ್ಲಿನ ಕನ್ನಡ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಪ್ರಬಂಧಕ್ಕೆ ವರ್ಷಕ್ಕೊಮ್ಮೆಯಾದರೂ ಮಕ್ಕಳು ನೋಡಿದ ಸಿನಿಮಾವನ್ನೇ ವಿಷಯವಾಗಿ ಕೊಡಿ, ತೆಲುಗು ಚಿತ್ರವಾದರೂ ಸರಿ, ಬರೆಯುವುದು ಕನ್ನಡದಲ್ಲಿ ಇರಲಿ. ಹಿರಿಯರಲ್ಲಿ ವಿನಂತಿ: ಟೆಂಟಿನಲ್ಲೋ ಥಿಯೇಟರಿನಲ್ಲೋ ‘ಮಂತ್ರಾಲಯ ಮಹಾತ್ಮೆ’ಯನ್ನು, ರಾಮರಾವ್ ಚಿತ್ರಗಳನ್ನು ನೋಡಿದ ನೆನಪನ್ನು ಯಾರಿಗಾದರೂ ಹೇಳಿ ಬರೆಸಿ. ತರುಣರಲ್ಲಿ ವಿನಂತಿ: ಇಂಗ್ಲಿಷ್ ಅಕ್ಷರ ಬಿಟ್ಟು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ, ನಿರ್ದೇಶಕರ ಹೆಸರು, ವರ್ಷ, ನಿಮಗೆ ಹಿಡಿಸಿದ ಅಥವಾ ಹಿಡಿಸದ ಒಂದು ದೃಶ್ಯ, ಅದಕ್ಕೆ ಕಾರಣ ಇಷ್ಟನ್ನು ಬರೆಯಿರಿ. ಮೊದಲ ಬರಹ ಆದವಾನಿ ಲಕ್ಷ್ಮೀದೇವಿಯವರ ಮೇಲೆ ಇರಲಿ. ಬರೆದವರು ಈ ದತ್ತಿಯ ಸಂಚಾಲಕರಿಗೆ ತಲುಪಿಸಿ.